ಓದುಗರ ಪ್ರಶ್ನೆ: ಐಕಿಡೋ ಕಲಿಯುವವರು ಮೊದಲು ಬೀಳುವುದೇಕೆ?

ಪ್ರಶ್ನೆ: ಮಗಳನ್ನು ಐಕಿಡೋ ತರಗತಿಗೆ ಸೇರಿಸಿ ಒಂದೂವರೆ ತಿಂಗಳಾಯಿತು. ಇನ್ನೂ ಬರೀ ಉರುಳಾಡಿಸುತ್ತಿದ್ದಾರೆ, ಒಂದು ಪಟ್ಟೂ ಹೇಳಿಕೊಟ್ಟಿಲ್ಲ. ಫೀಸು ದಂಡವಾಯಿತೇ?
– ಗೃಹಿಣಿ, ತುಮಕೂರು

ಉತ್ತರ: ಇಲ್ಲಮ್ಮ. ಆ ಉರುಳಾಟಕ್ಕೆ ಉಕೆಮಿ ಎನ್ನುತ್ತಾರೆ. ಐಕಿಡೋ ಜಪಾನಿನ ಸಮರಕಲೆ; ಅದರಲ್ಲಿ ಜೋಡಿಯಾಗಿ ಅಭ್ಯಾಸ ಮಾಡುವ ಇಬ್ಬರೂ ಸರದಿಯಂತೆ ಬೀಳಬೇಕು. ಬೀಳಲು ಬಾರದವರ ಮೇಲೆ ಯಾರೂ ಪಟ್ಟು ಹಾಕುವಂತಿಲ್ಲ. ಒಂದು ದಿನ ತರಗತಿಯಲ್ಲಿ ಪಕ್ಕಕ್ಕೆ ಕೂತು ಗಮನಿಸಿ. ಬಲಗಾಲು ಮುಂದಿಟ್ಟು ಉರುಳುವಾಗ ಬಲಗೈಯ ಕಿರುಬೆರಳಿನ ಅಂಚು ಮೊದಲು ಚಾಪೆಗೆ ತಾಗಬೇಕು. ಅಲ್ಲಿಂದ ಮುಂಗೈ, ತೋಳು, ಹೆಗಲ ಹಿಂಭಾಗ, ಬೆನ್ನನ್ನು ಓರೆಯಾಗಿ ದಾಟಿ ಎಡ ಸೊಂಟ. ತಲೆ ಚಾಪೆಗೆ ತಾಗಿದರೆ ಗದ್ದ ಎದೆಗೆ ಒತ್ತಿಲ್ಲ ಎಂದರ್ಥ. ಹೆಗಲ ತುದಿ ದಡಕ್ಕನೆ ಬಡಿದರೆ ಮೊಣಕೈ ಕುಸಿದಿದೆ. ಕೊರಳೆಲುಬಿಗೆ (ಕಾಲರ್ ಬೋನ್) ಪೆಟ್ಟಾಗುವುದು ಹೀಗೇ. ಹಿಂದಕ್ಕೆ ಬೀಳುವಾಗ ಅಂಗೈ ಊರುವುದು ಎಲ್ಲರ ಚಾಳಿ, ಮಣಿಕಟ್ಟು ಮುರಿಯುವುದೂ ಅದರಿಂದಲೇ. ಮನೆಯ ಗಾರೆ ನೆಲದ ಮೇಲೆ ಮಾತ್ರ ಇದನ್ನು ಮಾಡಿಸಬೇಡಿ. ಪಾಚಿ ಕಟ್ಟಿದ ಹಿತ್ತಲಲ್ಲಿ ಕಾಲು ಜಾರಿದಾಗ ನೆರವಿಗೆ ಬರುವ ವಿದ್ಯೆಯಿದು, ಪಟ್ಟುಗಳಿಗಿಂತ ಹೆಚ್ಚು.

ಪ್ರಶ್ನೆ: ವಿಡಿಯೋಗಳಲ್ಲಿ ಎದುರಾಳಿ ತಾನಾಗೇ ಹಾರಿ ಬೀಳುತ್ತಾನೆ. ನಾಟಕವಲ್ಲವೇ ಸಾರ್?
– ಪದವಿ ವಿದ್ಯಾರ್ಥಿ, ಕೋಲಾರ

ಉತ್ತರ: ಅರ್ಧ ನಿಜ. ಕೊಟೆಗಾಯೆಶಿ ಪಟ್ಟಿನಲ್ಲಿ ಮಣಿಕಟ್ಟು ಹೊರಕ್ಕೆ ತಿರುಚಿದಾಗ ಬಿಗಿದು ನಿಂತರೆ ಕೀಲಿಗೆ ಏಟು. ಅದನ್ನು ಉಳಿಸಿಕೊಳ್ಳಲೆಂದೇ ಹಾರುತ್ತಾರೆ. ಆದರೆ ಮುಟ್ಟುವ ಮುಂಚೆಯೇ ಬೀಳುವ ಜೊತೆಗಾರ ನಿಮಗೆ ಉಪಕಾರ ಮಾಡುತ್ತಿಲ್ಲ, ನಿಮ್ಮ ತಪ್ಪನ್ನು ಮುಚ್ಚಿಡುತ್ತಿದ್ದಾನೆ. ತೊಮಿಕಿ ಎಂಬ ಐಕಿಡೋ ಶೈಲಿ ಬಿಟ್ಟರೆ ಹೆಚ್ಚಿನ ಕಡೆ ಪಂದ್ಯವಿಲ್ಲ, ಹಾಗಾಗಿ ಈ ರೋಗ ಬೇಗ ಅಂಟುತ್ತದೆ.

ನೀವೇ ಪರೀಕ್ಷಿಸಿ. ಗೆಳೆಯನಿಗೆ ಎಡಗೈಯಿಂದ ನಿಮ್ಮ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಲು ಹೇಳಿ. ಎಳೆದಾಡಿದರೆ ತೋಳ್ಬಲದವನೇ ಗೆಲ್ಲುತ್ತಾನೆ. ಅದರ ಬದಲು ಆ ಕೈಯನ್ನು ನಿಮ್ಮ ಹೊಕ್ಕಳಿನ ಮುಂದೆಯೇ ಇಟ್ಟು, ಬಲಗಾಲನ್ನು ಅವನ ಎಡಗಾಲಿನ ಹೊರಬದಿಗೆ ಜಾರಿಸಿ, ಅದರ ಮೇಲೆ ತಿರುಗಿ ಎಡಗಾಲನ್ನು ಹಿಂದಕ್ಕೆ ಬೀಸಿ. ಈಗ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತೀರಿ. ಇದು ತೆಂಕಾನ್. ರಾಗಿ ಬೀಸುವ ಕಲ್ಲಿನಲ್ಲಿ ನಡುಗೂಟ ಕದಲದೆ ಮೇಲಿನ ಕಲ್ಲು ಸುತ್ತುವ ಹಾಗೆ ಸೊಂಟ ತಿರುಗಬೇಕು. ಹೆಗಲು ಮೇಲೆದ್ದರೆ ಕೆಟ್ಟಿತು. ಬೀದಿ ಜಗಳಕ್ಕೆ ಮೂರು ತಿಂಗಳಲ್ಲಿ ತಯಾರಾಗಬೇಕೆಂದಿದ್ದರೆ ಬೇರೆ ವಿದ್ಯೆ ನೋಡಿಕೊಳ್ಳಿ.

ಪ್ರಶ್ನೆ: ವಯಸ್ಸು 61, ಮಂಡಿ ನೋವಿದೆ. ಇದರ ತತ್ವದಲ್ಲಿ ಆಸಕ್ತಿ. ಇದು ಒಂದು ಮತವೇ? ನಾನು ಸೇರಬಹುದೇ?
– ನಿವೃತ್ತ ಶಿಕ್ಷಕರು, ಚಿಂತಾಮಣಿ

ಉತ್ತರ: ಮತವಲ್ಲ ಮೇಷ್ಟ್ರೇ. 'ಐ' ಎಂದರೆ ಕೂಡಿಕೆ, 'ಕಿ' ಪ್ರಾಣಶಕ್ತಿ, 'ದೋ' ದಾರಿ. ಇದನ್ನು ರೂಪಿಸಿದ ಮೊರಿಹೆಯಿ ಉಯೆಶಿಬಾ (1883–1969) ದೈತೋ-ರ್ಯು ಜುಜುತ್ಸು ಎಂಬ ಜಪಾನಿ ಸಮರಕಲೆ ಕಲಿತವರು, ಓಮೊತೊ ಎಂಬ ಜಪಾನಿ ಧಾರ್ಮಿಕ ಪಂಥದ ಪ್ರಭಾವಕ್ಕೂ ಒಳಗಾಗಿದ್ದರು. ತರಗತಿಯಲ್ಲಿ ಬಾಗುವುದು ಮರ್ಯಾದೆಗೆ, ಪೂಜೆಗಲ್ಲ. ತತ್ವ ಹುಡುಕುವುದಾದರೆ ಇಕ್ಕ್ಯೋ ಎಂಬ ಪಟ್ಟು ನೋಡಿ: ಹೊಡೆಯಲು ಬಂದವನ ತೋಳು ಹಿಡಿದು ಮಕಾಡೆ ಮಲಗಿಸುತ್ತಾರೆ, ಅವನು ಸಾಕೆಂದು ಚಾಪೆ ತಟ್ಟಿದ ಕೂಡಲೇ ಬಿಡುತ್ತಾರೆ. ಗಾಯ ಮಾಡದೆ ತಡೆಯುವುದೇ ಗುರಿ.

ಮಂಡಿಯ ಮೇಲೆ ಕೂರುವ ಸೈಝಾ, ಮಂಡಿಯೂರಿ ನಡೆಯುವ ಶಿಕ್ಕೋ ನಿಮಗೆ ಬೇಡ; ನಿಂತು ಮಾಡುವುದಷ್ಟೇ ಸಾಕೆಂದು ಮೊದಲ ದಿನವೇ ಗುರುಗಳಿಗೆ ತಿಳಿಸಿ. ಮೂಳೆ ಸವೆತವಿದೆಯೇ ಎಂದು ವೈದ್ಯರಿಂದ ತಿಳಿದುಕೊಳ್ಳದೆ ಉರುಳಬೇಡಿ. ಅಲ್ಲಿಯವರೆಗೆ ಜೋ, ಅಂದರೆ ಸುಮಾರು 128 ಸೆಂ.ಮೀ. ಉದ್ದದ ಕೋಲಿನ ಅಭ್ಯಾಸ ಮಾಡಬಹುದು. ಅದಕ್ಕೆ ಬೀಳಬೇಕಿಲ್ಲ, ಜೊತೆಗಾರರೂ ಬೇಕಿಲ್ಲ, ತಲೆಯ ಮೇಲೆ ಸೂರು ತಗ್ಗಾಗಿರಬಾರದು ಅಷ್ಟೇ.