ಹಲ್ಲುಜ್ಜಲು ಮಗು ಬಾಯೇ ತೆರೆಯದಿದ್ದರೆ ಮೊದಲು ಕಾರಣ ಹುಡುಕಿ

ಮಗಳಿಗೆ 11 ತಿಂಗಳು, ಮೇಲೆ ನಾಲ್ಕು ಕೆಳಗೆ ಎರಡು ಹಲ್ಲು ಬಂದಿವೆ, ಬ್ರಷ್ ಕಂಡ ಕೂಡಲೇ ತುಟಿ ಬಿಗಿ ಹಿಡಿದು ಮುಖ ತಿರುಗಿಸುತ್ತಾಳೆ ಎಂದು ಬರೆದಿದ್ದೀರಿ. ಅತ್ತೆ "ಹಾಲುಹಲ್ಲು ಹೇಗೂ ಬಿದ್ದು ಹೋಗುತ್ತೆ, ಸುಮ್ನೆ ಯಾಕೆ ಅಳಿಸ್ತೀಯ" ಅನ್ನುತ್ತಾರೆ, ಒಂದೆರಡು ವರ್ಷ ಬಿಟ್ಟುಬಿಡಬಹುದಾ ಎಂದು ಕೇಳಿದ್ದೀರಿ. ನೀವು ಮಂಡ್ಯದಲ್ಲಿದ್ದೀರಿ, ನಾನು ಮೈಸೂರಿನ ಸರಸ್ವತಿಪುರಂನಲ್ಲಿ. ನನ್ನ ಮಗನೂ ಇದೇ ವಯಸ್ಸಿನಲ್ಲಿ ಹೀಗೇ ಮಾಡುತ್ತಿದ್ದ. ಆಗ ಕಲಿತದ್ದನ್ನು ಹೇಳುತ್ತೇನೆ.

ಬಿಡಬೇಡಿ. ಮುಂಭಾಗದ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಾಲಿನ ದವಡೆಹಲ್ಲುಗಳು 10–12 ವರ್ಷದವರೆಗೂ ಬಾಯಲ್ಲೇ ಇರಬೇಕು. ಅನ್ನ, ರೊಟ್ಟಿ ಅಗಿಯುವುದು ಅವುಗಳಿಂದಲೇ. ಕೆಳಗಿನಿಂದ ಬರುವ ಹೊಸ ಹಲ್ಲಿಗೆ ಜಾಗ ಹಿಡಿದಿಡುವುದೂ ಅವೇ. ಹಾಲುಹಲ್ಲಿನ ಮೇಲಿನ ಪದರ ದೊಡ್ಡವರ ಹಲ್ಲಿಗಿಂತ ತೆಳು. ಹಾಗಾಗಿ ಹುಳುಕು ಹಿಡಿದರೆ ಬೇಗ ನರದ ತನಕ ಇಳಿಯುತ್ತದೆ. ಹಲ್ಲುನೋವಿನಿಂದ ಊಟ ಬಿಟ್ಟು, ರಾತ್ರಿಯೆಲ್ಲ ಅಳುವ ಎರಡು ವರ್ಷದ ಮಗುವನ್ನು ನೋಡಿದವರು "ಹೇಗೂ ಬೀಳುತ್ತೆ" ಅನ್ನುವುದಿಲ್ಲ.

ಇನ್ನು ಬಾಯಿ ತೆರೆಯದಿರುವ ವಿಷಯ. ಇಷ್ಟು ಚಿಕ್ಕ ಮಗು ಮಾಡುವುದನ್ನು ಹಟ ಅಂತ ಕರೆಯಲು ನನಗೆ ಮನಸ್ಸು ಬರಲ್ಲ. ಬಾಯಿ ಮುಚ್ಚಿಕೊಳ್ಳುವುದಕ್ಕೆ ಅದಕ್ಕೊಂದು ಕಾರಣ ಇರುತ್ತದೆ. ಹೇಳಲು ಮಾತು ಬರದು, ಅಷ್ಟೇ. ಆ ಕಾರಣ ನಾವು ಹುಡುಕಬೇಕು. ಹಾಡು, ಬೊಂಬೆ, ಮೊಬೈಲ್ ವಿಡಿಯೋ ಎಲ್ಲ ಆಮೇಲೆ.

ನನ್ನ ಮಗನ ಕಾರಣ ಗೊತ್ತಾದದ್ದು ದಂತವೈದ್ಯೆಯೊಬ್ಬರಿಂದ. ಮಗುವಿನ ಮೇಲ್ತುಟಿಯನ್ನು ಮೆಲ್ಲಗೆ ಎತ್ತಿ ನೋಡಿ. ತುಟಿಯ ಒಳಭಾಗದಿಂದ ಎರಡು ಮುಂಬಲ್ಲಿನ ನಡುವಿನ ವಸಡಿಗೆ ದಾರದ ಹಾಗೆ ಒಂದು ಚರ್ಮ ಇಳಿದಿರುತ್ತದೆ. ಎಲ್ಲರಿಗೂ ಇರುವಂಥದ್ದೇ. ಆದರೆ ಚಿಕ್ಕ ಮಕ್ಕಳಲ್ಲಿ ಅದು ದಪ್ಪ, ಹಲ್ಲಿನ ತೀರಾ ಹತ್ತಿರಕ್ಕೆ ಬಂದಿರುತ್ತದೆ. ನಾವು ಬ್ರಷ್ ಇಟ್ಟು ಅಡ್ಡಡ್ಡ ಉಜ್ಜಿದಾಗ ಗಟ್ಟಿ ಅಂಚು ಸೀದಾ ಹೋಗಿ ಅದಕ್ಕೇ ತಗುಲುತ್ತದೆ. ಚುರ್ ಅನ್ನುತ್ತದೆ. ಎರಡು ಸಲ ಹಾಗಾದರೆ ಸಾಕು, ಮೂರನೇ ಸಲ ಬ್ರಷ್ ಕಂಡಾಗಲೇ ಬಾಯಿ ಮುಚ್ಚುತ್ತದೆ. ಪರಿಹಾರ ಬಹಳ ಸುಲಭ. ಎಡಗೈ ತೋರುಬೆರಳಿಂದ ಮೇಲ್ತುಟಿ ಎತ್ತಿ, ಬೆರಳ ತುದಿಯನ್ನು ಆ ಚರ್ಮದ ಮೇಲೇ ಇಟ್ಟುಕೊಳ್ಳಿ. ಈಗ ಬ್ರಷ್ ತಗುಲಿದರೂ ನಿಮ್ಮ ಬೆರಳಿಗೆ ತಗುಲುತ್ತದೆ. ಮೊದಲು ಬಲಗಡೆ ಎರಡು ಹಲ್ಲು, ಬ್ರಷ್ ಎತ್ತಿ ಆಮೇಲೆ ಎಡಗಡೆ ಎರಡು. ವಸಡಿನಿಂದ ಹಲ್ಲಿನ ತುದಿ ಕಡೆಗೆ ಸಣ್ಣ ಸಣ್ಣದಾಗಿ ಉಜ್ಜಿ. ನಮ್ಮಲ್ಲಿ ಈ ಒಂದು ಬದಲಾವಣೆಗೇ ಅರ್ಧ ಅಳು ನಿಂತಿತು.

ಎರಡನೇ ಕಾರಣ ಹಲ್ಲು ಬರುವಾಗಿನ ವಸಡುನೋವು. ಜೊಲ್ಲು ಜಾಸ್ತಿ, ಸಿಕ್ಕಿದ್ದೆಲ್ಲ ಕಚ್ಚುತ್ತಾಳೆ, ವಸಡು ಕೆಂಪಗೆ ಊದಿದೆ ಅಂದರೆ ಆ ಜಾಗ ಬಿಟ್ಟು ಬೇರೆ ಹಲ್ಲು ಉಜ್ಜಿ. ಉಜ್ಜುವ ಮುಂಚೆ ಒದ್ದೆ ಬಟ್ಟೆಯನ್ನು ಫ್ರಿಜ್‌ನಲ್ಲಿ ತಣ್ಣಗೆ ಮಾಡಿ ಒಂದಷ್ಟು ಹೊತ್ತು ಕಚ್ಚಲು ಕೊಡಿ. ವಸಡು ಮರಗಟ್ಟಿಸುವ ಜೆಲ್ ಅಂಗಡಿಯಲ್ಲಿ ಕೇಳಿ ತಂದು ಹಚ್ಚಬೇಡಿ. ಅಂಥ ಕೆಲವದರಲ್ಲಿರುವ ಬೆಂಜೊಕೇನ್ ಎರಡು ವರ್ಷದೊಳಗಿನ ಮಕ್ಕಳಿಗೆ ಅಪಾಯ.

ಮೂರನೆಯದು ನಮ್ಮ ಕಡೆಯ ಮನೆಗಳಲ್ಲಿ ಕಾಣುವಂಥದ್ದು. ಎಣ್ಣೆ ಹಚ್ಚಿ ನೀರು ಹಾಕುವಾಗ ಕೆಲವು ಅಜ್ಜಿಯರು ಮಗುವಿನ ಬಾಯಿಗೆ ಬೆರಳು ಹಾಕಿ ಅಂಗುಳ ಒತ್ತುತ್ತಾರೆ, ಗಂಟಲಲ್ಲಿ ಕಫ ತೆಗೆಯುತ್ತೇವೆ ಅನ್ನುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಮಗುವಿಗೆ ಓಕರಿಕೆ ಬರುತ್ತದೆ, ಗಾಯವೂ ಆಗಬಹುದು. ಬಾಯಿ ಹತ್ತಿರ ಬೆರಳು ಬಂದರೇ ಅದು ಹೆದರಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಈ ರೂಢಿ ಇದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ.

ಇವು ಯಾವುದೂ ಅಲ್ಲದಿದ್ದರೆ ಪೇಸ್ಟ್ ನೋಡಿ. ಪುದೀನ ರುಚಿಯ ಪೇಸ್ಟ್ ನಮಗೆ ತಂಪು, ಮಗುವಿಗೆ ಖಾರ. ಬ್ರಷ್ಷಿನ ತಲೆ ಕೂಡ ಮಗುವಿನ ಎರಡು ಮುಂಬಲ್ಲಿನಷ್ಟು ಅಗಲ ಇದ್ದರೆ ಸಾಕು, ಕೂದಲು ಮೆತ್ತಗಿರಬೇಕು.

ಈಗ ಹೇಗೆ ಕೂರಿಸುವುದು. ಬಚ್ಚಲಲ್ಲಿ ನಿಲ್ಲಿಸಿ ಅಥವಾ ಕಂಕುಳಲ್ಲಿ ಎತ್ತಿಕೊಂಡು ಉಜ್ಜಲು ಹೋದರೆ ನಮಗೆ ಹಲ್ಲೇ ಕಾಣಲ್ಲ, ಮಗುವಿನ ತಲೆಯೂ ನಿಲ್ಲಲ್ಲ. ಚಾಪೆ ಹಾಕಿ ಕಾಲು ಚಾಚಿ ಕೂತುಕೊಳ್ಳಿ. ನೀರು ಹಾಕುವಾಗ ಕಾಲ ಮೇಲೆ ಮಲಗಿಸಿಕೊಳ್ಳುತ್ತೀರಲ್ಲ, ಹೆಚ್ಚುಕಮ್ಮಿ ಹಾಗೇ. ತಲೆ ಮಾತ್ರ ನಿಮ್ಮ ಹೊಟ್ಟೆ ಕಡೆ, ಕಾಲು ನಿಮ್ಮ ಪಾದದ ಕಡೆ. ಮಗು ಕೆಳಗಿನಿಂದ ನಿಮ್ಮ ಮುಖ ನೋಡುತ್ತದೆ, ನಿಮಗೆ ಎಲ್ಲ ಹಲ್ಲೂ ಕಾಣುತ್ತದೆ. ಬೆಳಕು ಚೆನ್ನಾಗಿರಲಿ.

ಇಬ್ಬರಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಅತ್ತೆಯನ್ನೇ ಕರೆಯಿರಿ. ಇಬ್ಬರೂ ಮಂಡಿಗೆ ಮಂಡಿ ತಾಗುವಂತೆ ಎದುರುಬದುರು ಕುರ್ಚಿಯಲ್ಲಿ ಕೂತು, ನಡುವೆ ಮಗುವನ್ನು ಮಲಗಿಸಿ. ತಲೆ ನಿಮ್ಮ ತೊಡೆ ಮೇಲೆ, ಕಾಲು ಅವರ ಸೊಂಟದ ಎರಡೂ ಪಕ್ಕ, ಪುಟ್ಟ ಕೈಗಳು ಅವರ ಕೈಯಲ್ಲಿ. ಮಕ್ಕಳ ದಂತವೈದ್ಯರೂ ಚಿಕ್ಕ ಮಕ್ಕಳನ್ನು ಹೀಗೇ ಮಲಗಿಸಿ ನೋಡುತ್ತಾರೆ. ಅಜ್ಜಿ ಮಾತಾಡಿಸುತ್ತಾ ಇದ್ದರೆ ಮಗು ಅವರನ್ನೇ ನೋಡುತ್ತಾ ಇರುತ್ತದೆ. ಬೇಡ ಅನ್ನುತ್ತಿದ್ದವರಿಗೆ ಕೆಲಸದಲ್ಲಿ ಒಂದು ಪಾಲು ಸಿಕ್ಕರೆ ವಾದವೂ ಕಡಿಮೆ ಆಗುತ್ತದೆ. ನಮ್ಮ ಅತ್ತೆಯವರ ವಿಷಯದಲ್ಲಿ ಹಾಗೇ ಆಯಿತು. ಆಮೇಲೆ "ಮಗೂಗೆ ಹಲ್ಲುಜ್ಜಿದ್ಯಾ?" ಎಂದು ಕೇಳುತ್ತಿದ್ದವರು ಅವರೇ.

ಬೆಳಿಗ್ಗೆಯದನ್ನು ಆಟಕ್ಕೆ ಬಿಡಿ. ನೀವು ಹಲ್ಲುಜ್ಜುವಾಗ ಮಗಳ ಕೈಗೊಂದು ಬ್ರಷ್ ಕೊಟ್ಟು ಪಕ್ಕ ಕೂರಿಸಿಕೊಳ್ಳಿ. ಕಚ್ಚಲಿ, ನೆಕ್ಕಲಿ, ನಿಮ್ಮ ಹಲ್ಲನ್ನು ಅವಳೇ ಉಜ್ಜಲಿ. ಆದರೆ ಬ್ರಷ್ ಬಾಯಲ್ಲಿಟ್ಟುಕೊಂಡು ಅಂಬೆಗಾಲಿಡಲು, ನಡೆಯಲು ಬಿಡಬೇಡಿ. ಬಿದ್ದರೆ ಅಂಗುಳಕ್ಕೆ ಚುಚ್ಚಿಕೊಳ್ಳುತ್ತದೆ. ಕಚ್ಚಿ ಕೂದಲು ಕೆದರಿದ ಬ್ರಷ್ ಉಜ್ಜಲು ಬೇಡ, ಅದಕ್ಕೆ ಬೇರೆ ಇಟ್ಟುಕೊಳ್ಳಿ.

ರಾತ್ರಿಯದನ್ನು ಮಾತ್ರ ತಪ್ಪಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಲ್ಲಿಗೆ ಅಂಟಿದ ಸಿಹಿಯನ್ನು ತೊಳೆಯುವವರು ಯಾರೂ ಇರಲ್ಲ. ಅದಕ್ಕೇ ಹುಳುಕು ಬೆಳೆಯುವುದು ರಾತ್ರಿ ಹೊತ್ತು ಜಾಸ್ತಿ. ಆರು ಹಲ್ಲಿಗೆ ಅರ್ಧ ನಿಮಿಷ ಸಾಕು. ಜೋರಾಗಿ ಹತ್ತರ ತನಕ ಎಣಿಸಿ ಬಲಗಡೆ, ಮತ್ತೆ ಹತ್ತು ಎಣಿಸಿ ಎಡಗಡೆ, ಕೊನೆಗೆ ಕೆಳಗಿನವು. ಕೆಲವು ದಿನದಲ್ಲಿ ಎಣಿಕೆ ಮುಗಿದರೆ ಬಿಡುತ್ತಾರೆ ಅನ್ನುವುದು ಮಗುವಿಗೆ ತಿಳಿಯುತ್ತದೆ. ಹೇಳಿದಷ್ಟಕ್ಕೆ ನಿಲ್ಲಿಸಿ, ಇನ್ನೊಂದು ಸ್ವಲ್ಪ ಅಂತ ಎಳೆಯಬೇಡಿ. ನೋವಿನ ಕಾರಣ ಏನೂ ಇಲ್ಲ ಅಂತ ಖಾತ್ರಿ ಆದಮೇಲೂ ಅತ್ತರೆ, ಮೆಲ್ಲಗೆ ಹಿಡಿದು ಆ ಅರ್ಧ ನಿಮಿಷ ಮುಗಿಸಿ, ಎತ್ತಿ ಎದೆಗೆ ಅಪ್ಪಿಕೊಳ್ಳಿ. ಮೂಗು ಹಿಡಿದು ಬಾಯಿ ತೆರೆಸುವುದು, ಗದರುವುದು ಖಂಡಿತ ಬೇಡ.

ಪೇಸ್ಟ್ ಎಷ್ಟು ಅನ್ನುವ ಗೊಂದಲ ಎಲ್ಲರಿಗೂ ಇದೆ. ಮೂರು ವರ್ಷದ ತನಕ ಫ್ಲೋರೈಡ್ (ಹುಳುಕು ತಡೆಯುವ ಅಂಶ) ಇರುವ ಪೇಸ್ಟ್ ಒಂದು ಅಕ್ಕಿ ಕಾಳಿನಷ್ಟು, ಆರು ವರ್ಷದ ತನಕ ಬಟಾಣಿ ಕಾಳಿನಷ್ಟು. ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಆಸುಪಾಸು ಇರುವುದನ್ನೇ ಆರಿಸಿ. ನಮ್ಮ ದೇಶದಲ್ಲಿ ಅದಕ್ಕಿಂತ ಜಾಸ್ತಿ ಇರುವ ಪೇಸ್ಟ್ ಮಾರುವಂತಿಲ್ಲ. ಅಕ್ಕಿ ಕಾಳಿನಷ್ಟನ್ನು ಮಗು ನುಂಗಿದರೂ ಭಯವಿಲ್ಲ. ಉಜ್ಜಿದ ಮೇಲೆ ಬಟ್ಟೆಯಿಂದ ಒರೆಸಿ. ಒಂದು ಮಾತು ಮಾತ್ರ ನೆನಪಿರಲಿ. ನೀವು ಕುಡಿಯುವುದು ಬೋರ್‌ವೆಲ್ ನೀರಾದರೆ ಒಮ್ಮೆ ಪರೀಕ್ಷೆ ಮಾಡಿಸಿ. ಲೀಟರ್‌ಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇದ್ದರೆ ಒಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಕಲೆ ಬೀಳುತ್ತದೆ. ಆಗ ಮೊದಲು ನೀರು ಬದಲಿಸಿ, ಪೇಸ್ಟ್ ಬಗ್ಗೆ ದಂತವೈದ್ಯರನ್ನು ಕೇಳಿ. ಉಪ್ಪು, ಇದ್ದಿಲು, ಹಲ್ಲುಪುಡಿ ಇಷ್ಟು ತೆಳು ಹಲ್ಲಿಗೆ ತರಿತರಿ, ಬೇಡ.

ಬ್ರಷ್ ಒಂದೇ ಕಾಯಲ್ಲ. ಮಂಡ್ಯದ ಮನೆಗಳಲ್ಲಿ ಬೆಲ್ಲಕ್ಕೆ ಬರವಿಲ್ಲ. ರಾಗಿ ಸರಿಗೆ ಬೆಲ್ಲ, ಹಾಲಿಗೆ ಸಕ್ಕರೆ, ಅತ್ತರೆ ಬಾಯಿಗೆ ಕಲ್ಲುಸಕ್ಕರೆ. ಆಲೆಮನೆ ಬೆಲ್ಲ ಒಳ್ಳೆಯದು ಅಂತ ಹಿರಿಯರು ಹೇಳುತ್ತಾರೆ. ಹುಳುಕಿನ ಮಟ್ಟಿಗೆ ಅದೂ ಸಕ್ಕರೆಯೇ, ಮೇಲಾಗಿ ಅಂಟುತ್ತದೆ. ಎರಡು ವರ್ಷದ ತನಕ ಬೇರೆ ಸಿಹಿ ಬೇಕಿಲ್ಲ, ಸರಿಗೆ ಬಾಳೆಹಣ್ಣು ಕಿವುಚಿ ಹಾಕಿ. ಜೇನುತುಪ್ಪವನ್ನು ಒಂದು ವರ್ಷ ತುಂಬುವ ತನಕ ನೆಕ್ಕಿಸಲೇಬೇಡಿ, ಅದರ ಅಪಾಯ ಹಲ್ಲಿಗಿಂತ ದೊಡ್ಡದು. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದು ಬೇಡ. ಎದೆಹಾಲು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ರಾತ್ರಿ ಮಧ್ಯೆ ಕುಡಿಸಿದರೆ ಸಾಧ್ಯವಾದಾಗ ಒದ್ದೆ ಬಟ್ಟೆಯಲ್ಲಿ ಮುಂಬಲ್ಲು ಒರೆಸಿ, ಅಷ್ಟು ಸಾಕು. ಮನೆಯವರು ಎಂಜಲು ಚಮಚದಲ್ಲಿ ಉಣಿಸುವುದು, ಕಚ್ಚಿ ಕೊಡುವುದು ಬೇಡ. ಹುಳುಕು ತರಿಸುವ ಬ್ಯಾಕ್ಟೀರಿಯಾ ಆ ಎಂಜಲಿನಿಂದಲೂ ಮಗುವಿಗೆ ಬರಬಹುದು.

ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ಮಕ್ಕಳ ದಂತವೈದ್ಯರಿಗೆ ತೋರಿಸುವುದು ಒಳ್ಳೆಯದು, ನಿಮಗಂತೂ ಇನ್ನೊಂದೇ ತಿಂಗಳು ಉಳಿದಿದೆ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಮೈಸೂರಿನ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜಿನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಮೇಲ್ತುಟಿ ಎತ್ತಿ ಮುಂಬಲ್ಲು ವಸಡು ಸೇರುವ ಜಾಗ ನೋಡುತ್ತಿರಿ. ಅಲ್ಲಿ ಸುಣ್ಣದ ಗೆರೆಯ ಹಾಗೆ ಮಂಕು ಬಿಳಿ ಪಟ್ಟಿ ಕಂಡರೆ ಅದು ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ದಂತವೈದ್ಯರು ಫ್ಲೋರೈಡ್ ವಾರ್ನಿಶ್ (ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ) ಹಚ್ಚಿ ಅದನ್ನು ತಡೆಯಬಹುದು, ಕೊರೆಯುವ ಅಗತ್ಯ ಬರಲ್ಲ. ಕಂದು ಬಣ್ಣ ತಿರುಗುವ ತನಕ ಕಾಯಬೇಡಿ, ಕಂಡ ವಾರವೇ ಹೋಗಿ.