ಫೋಟೋ ತೆಗೆದಿರಿ, ಪ್ರಿಂಟ್ ಎಲ್ಲಿ?

ದಾವಣಗೆರೆಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿ, ಷಟರ್ ಎಳೆದ ಮೇಲೂ ಕ್ಯಾಮೆರಾ ಕೆಳಗಿಡದವನು ನಾನು. ಈಗ ಊರಿನ ಹವ್ಯಾಸಿಗಳ ಪುಟ್ಟ ಫೋಟೋ ಕ್ಲಬ್ಬಿನ ಜೊತೆ ಓಡಾಡಿಕೊಂಡಿದ್ದೇನೆ. ಹೋದ ಸಂಚಿಕೆಯಲ್ಲಿ ನಮ್ಮ ಕ್ಲಬ್ಬಿನವರು ಮಂಡಕ್ಕಿ ಭಟ್ಟಿಗೆ ಹೋಗಿದ್ದ ಸುದ್ದಿ ಬರೆದಿದ್ದೆ. ಅದಕ್ಕೇ ಇರಬೇಕು, ಈ ಸಲ ಪತ್ರ ಜಾಸ್ತಿ.

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ. ನನ್ನ ಹತ್ತಿರ ಇರುವುದು ಫೋನ್ ಮಾತ್ರ. ಕ್ಲಬ್ಬಿಗೆ ಬಂದರೆ ನಗುತ್ತಾರಾ?
– ವಿದ್ಯಾರ್ಥಿನಿ, ವಿದ್ಯಾನಗರ

ಉತ್ತರ: ಧಾರಾಳವಾಗಿ ಬಾಮ್ಮ. ನಮ್ಮಲ್ಲಿ ಹೆಚ್ಚುಕಡಿಮೆ ಅರ್ಧ ಜನ ಫೋನಿನವರೇ. ದೊಡ್ಡ ಲೆನ್ಸಿನವರು ಒಂದಿಬ್ಬರು ಇದ್ದಾರೆ, ಅವರನ್ನು ನೋಡಿ ಹೆದರಬೇಡ. ಬ್ಯಾಗ್ ಹೊರುವುದೇ ಅವರಿಗೆ ಅರ್ಧ ಕೆಲಸ.

ನಮ್ಮಲ್ಲಿ ಇರುವುದು ಒಂದೇ ಕಟ್ಟುಪಾಡು. ತಿಂಗಳ ಸಭೆಗೆ ಬರುವಾಗ ಎರಡು ಫೋಟೋ ಪ್ರಿಂಟ್ ಹಾಕಿಸಿಕೊಂಡು ಬರಬೇಕು. 4×6 ಆದರೂ ಸಾಕು. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಸಿಕ್ಕಿಸುತ್ತೇವೆ. ಯಾರದ್ದು ಅಂತ ಹೇಳುವುದಿಲ್ಲ. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ತೆಗೆದವರು ಬಾಯಿ ಬಿಡಬೇಕು. ಮೊದಲ ಎರಡು ತಿಂಗಳು ಹೊಟ್ಟೆ ಉರಿಯುತ್ತದೆ, ಆಮೇಲೆ ರೂಢಿಯಾಗುತ್ತದೆ.

ಇನ್ನೊಂದು ಮಾತು. 'ನನ್ನ ಫೋನಲ್ಲಿ ಫೋಟೋ ಮಬ್ಬು ಮಬ್ಬು ಬರುತ್ತೆ ಸಾರ್' ಅಂತ ಬಂದವರ ಫೋನನ್ನು ನಾನು ಮೊದಲು ಅಂಗಿಯ ಚುಂಗಿಗೆ ಒರೆಸಿ ನೋಡುತ್ತೇನೆ. ಬೆಣ್ಣೆ ದೋಸೆ ತಿಂದ ಕೈಯಲ್ಲೇ ಫೋನ್ ಹಿಡಿಯುವ ಊರು ನಮ್ಮದು. ಲೆನ್ಸ್ ಮೇಲೆ ಬೆಣ್ಣೆ ಇದ್ದರೆ ಬೀದಿದೀಪಕ್ಕೆಲ್ಲ ಬಾಲ ಬರುತ್ತದೆ.

ಪ್ರಶ್ನೆ: ಭಟ್ಟಿಗೆ ನಿಮ್ಮ ಜೊತೆ ನಾನೂ ಬಂದಿದ್ದೆ. ಬೆಂಕಿ ಸರಿ ಬಂದರೆ ಮುಖ ಕಪ್ಪು, ಮುಖ ಸರಿ ಬಂದರೆ ಬಾಗಿಲೆಲ್ಲ ಬೆಳ್ಳಗೆ. ಫ್ಲ್ಯಾಶ್ ಹಾಕಿದರೆ ಫೋಟೋ ತುಂಬ ಬಿಳಿ ಚುಕ್ಕಿ. ಸಾಲದ್ದಕ್ಕೆ ಅಲ್ಲಿನ ಅಜ್ಜಿ ಎಲ್ಲರೆದುರು ನನ್ನನ್ನು ಬೈದರು. ನಾನು ಮಾಡಿದ ತಪ್ಪೇನು?
– ಹೊಸ ಸದಸ್ಯ, ನಿಟ್ಟುವಳ್ಳಿ

ಉತ್ತರ: ಮೊದಲು ಚುಕ್ಕಿ ವಿಷಯ. ಅದು ದೆವ್ವವೂ ಅಲ್ಲ, ಲೆನ್ಸಿನ ದೋಷವೂ ಅಲ್ಲ. ಭಟ್ಟಿಯೊಳಗೆ ಗಾಳಿ ತುಂಬ ಹೊಟ್ಟಿನ ದೂಳು, ಹೊಗೆ. ಫ್ಲ್ಯಾಶ್ ಇರುವುದು ಲೆನ್ಸಿನ ಪಕ್ಕದಲ್ಲೇ. ಹಾಗಾಗಿ ಲೆನ್ಸಿನ ಮುಂದೆಯೇ ಹಾರಾಡುವ ದೂಳಿಗೆ ಬೆಳಕು ಬಡಿದು ನೇರ ವಾಪಸ್ ಬರುತ್ತದೆ. ಫ್ಲ್ಯಾಶ್ ಬಂದ್ ಮಾಡಿ. ತಗಡಿನ ತೂತಿನಿಂದ ಬಿಸಿಲು ಇಳಿಯುವ ಕಡೆ ಹೋಗಿ ನಿಂತರೆ ಅದೇ ದೂಳಿನಿಂದ ಬೆಳಕಿನ ಕೋಲು ಎದ್ದು ಕಾಣಿಸುತ್ತದೆ.

ಇನ್ನು ಕಪ್ಪು ಬಿಳುಪಿನ ಜಗಳ. ಭಟ್ಟಿಯೊಳಗಿನ ಕತ್ತಲೆ, ಹೊರಗಿನ ಬಿಸಿಲು ಎರಡನ್ನೂ ಯಾವ ಕ್ಯಾಮೆರಾವೂ ಒಂದೇ ಏಟಿಗೆ ನುಂಗಲಾರದು. ಒಂದನ್ನು ಬಿಡಬೇಕು. ಬಾಗಿಲನ್ನು ಚೌಕಟ್ಟಿನಿಂದ ಆಚೆ ಇಡಿ. ಬೆಳಕು ಬಿದ್ದ ಕೆನ್ನೆಯ ಮೇಲೆ ಅಳತೆ ತೆಗೆದುಕೊಳ್ಳಿ, ಒಂದು ಚುಕ್ಕಿಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರಿಂಗ್ ಇರುವುದು ಇದಕ್ಕೇ. ಕತ್ತಲೆ ಕತ್ತಲೆಯಾಗಿಯೇ ಇರಲಿ. ಕ್ಯಾಮೆರಾ ಕಂಡದ್ದನ್ನು ಕುಗ್ಗಿಸದೆ ಇಡುವ ರಾ ಫೈಲ್ ಇಟ್ಟುಕೊಂಡಿದ್ದರೆ ನೆರಳನ್ನು ಆಮೇಲೆ ಸ್ವಲ್ಪ ಎತ್ತಬಹುದು. ಸುಟ್ಟುಹೋದ ಬಿಳುಪನ್ನು ಮಾತ್ರ ಯಾರೂ ವಾಪಸ್ ತರಲಾರರು.

ನಿಮ್ಮ ಇನ್ನೂರು ಚಿತ್ರ ನೋಡಿದೆ. ಒಂದರಲ್ಲೂ ಮಂಡಕ್ಕಿ ಅರಳುತ್ತಿಲ್ಲ. ಒಂದೋ ಅಕ್ಕಿ, ಇಲ್ಲಾ ಮಂಡಕ್ಕಿ. ಕಾದ ಮರಳಿಗೆ ಅಕ್ಕಿ ಬಿದ್ದ ಮೇಲೆ ಅರಳುವುದು ಕೆಲವೇ ಸೆಕೆಂಡಿನ ಆಟ. ನೀವು ಸ್ಕ್ರೀನ್ ನೋಡಿಕೊಳ್ಳುವಷ್ಟರಲ್ಲಿ ಜರಡಿಗೆ ಬಂದು, ಮರಳು ಕೆಳಗೆ ಉದುರಿ ಆಗಿರುತ್ತದೆ. ಹತ್ತು ಸುತ್ತು ಸುಮ್ನೆ ನಿಂತು ನೋಡಬೇಕಿತ್ತು. ಚಟಪಟ ಸದ್ದು ಜೋರಾಗುವ ಹೊತ್ತಿಗೆ ಬೆರಳು ಬಟನ್ ಮೇಲಿರಬೇಕು. ಷಟರ್ ವೇಗ 1/500 ಸೆಕೆಂಡ್ ಇಟ್ಟರೆ ಕಾಳು ಗಾಳಿಯಲ್ಲೇ ನಿಲ್ಲುತ್ತದೆ. 1/30ಕ್ಕೆ ಇಳಿಸಿದರೆ ಬಿಳಿ ಗೆರೆಯಾಗಿ ಹರಿಯುತ್ತದೆ. ನನಗೆ ಗೆರೆಯೇ ಇಷ್ಟ, ಮುಖ ಅಲುಗಾಡದಿದ್ದರೆ. ಐಎಸ್‌ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, 3200ಕ್ಕೆ ಹೋದರೂ ಹೆದರಬೇಡಿ, ರವೆ ರವೆಯಾದ ಫೋಟೋ ಭಟ್ಟಿಗೆ ಒಪ್ಪುತ್ತದೆ. ಅಲ್ಲಿ ಲೆನ್ಸ್ ಮಾತ್ರ ಬದಲಾಯಿಸಬೇಡಿ. ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂತ ಹೊಟ್ಟು ಮುಂದಿನ ಆರು ತಿಂಗಳ ಆಕಾಶದಲ್ಲೆಲ್ಲ ಕಾಣುತ್ತದೆ.

ಈಗ ಅಜ್ಜಿ. ಅವರು ಬೈದಿದ್ದು ನಿಮ್ಮನ್ನಲ್ಲ, ನಮ್ಮನ್ನು. 'ಹೋದ ವರ್ಷ ಬಂದೋರೂ ಹಿಂಗೇ ನಿಲ್ಸಿ, ಹಿಂಗೇ ನಗ್ಸಿ ತಕ್ಕೊಂಡ್ ಹೋದ್ರು. ಫೋಟ ಕೊಡ್ತೀವಿ ಅಂದ್ರು. ಎಲ್ಲಿ ಕೊಟ್ರಿ?' ಅಂದರಲ್ಲ, ಹೋದ ವರ್ಷ ಬಂದವರೂ ನಮ್ಮ ಕ್ಲಬ್ಬಿನವರೇ. ಆ ಅಜ್ಜಿಯದ್ದೇ ಒಂದು ಫೋಟೋವನ್ನು ಆಗಸ್ಟ್ 19ರ ಫೋಟೋಗ್ರಫಿ ದಿನಕ್ಕೆ 12×18 ಸೈಜಿನಲ್ಲಿ ಫ್ರೇಮ್ ಹಾಕಿಸಿ ಇಟ್ಟಿದ್ದೆವು. ಬಂದವರೆಲ್ಲ ಹೊಗಳಿದರು. ಅಜ್ಜಿಗೆ ಒಂದು 4×6 ಕೊಡಬೇಕು ಅಂತ ನನಗೂ ಹೊಳೆಯಲಿಲ್ಲ. ಜೀವನವಿಡೀ ಗಿರಾಕಿ ಕೈಗೆ ಕವರ್ ಕೊಟ್ಟೇ ದುಡ್ಡು ತಗೊಂಡವನು ನಾನು, ನನಗೇ ಹೊಳೆಯಲಿಲ್ಲ ಅಂದರೆ ನೋಡಿ.

ಮುಂದಿನ ವಾರವೇ ಪ್ರಿಂಟ್ ಹಿಡಿದು ಹೋದೆ. ಅಜ್ಜಿ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು, ಅಂಚು ಹಿಡಿದು ತಗೊಂಡರು. ಬಾಗಿಲ ಬೆಳಕಿಗೆ ತಿರುಗಿಸಿದರು. ತುಂಬ ಹೊತ್ತು ನೋಡಿ, 'ಬಳೆ ಚೆನ್ನಾಗ್ ಬಂದಾವೆ. ಮುಖ ಯಾಕೆ ಇಷ್ಟು ಕರ್ರಗೆ ಮಾಡೀರಿ?' ಅಂದರು. ಬೇಕೆಂದೇ ಕತ್ತಲೆ ಉಳಿಸುವ ಶೈಲಿ, ಲೋ ಕೀ ಅಂತ ನಾವೆಲ್ಲ ಮೆಚ್ಚಿಕೊಂಡಿದ್ದ ಫೋಟೋ ಅದು! ಅಲ್ಲೇ ಬಾಗಿಲ ಹತ್ತಿರ ಕೂರಿಸಿ, ತಲೆ ಮೇಲೆ ಸೆರಗು, ಮುಖಕ್ಕೆ ನೇರ ಬೆಳಕು, ಇನ್ನೊಂದು ತೆಗೆದೆ. ದೇವರ ಪಟದ ಪಕ್ಕ ಈಗ ಇರುವುದು ಅದು. ಫ್ರೇಮಿನದ್ದು ನಮ್ಮ ಸಭೆಯ ಕೋಣೆಯಲ್ಲೇ ಇದೆ.

ಪ್ರಶ್ನೆ: ಕುಂದುವಾಡ ಕೆರೆಯ ಹಕ್ಕಿಗಳು ಕ್ಯಾಮೆರಾ ಜೊತೆ ಬಂದ ನನ್ನ 18–55 ಎಂಎಂ ಲೆನ್ಸಿನಲ್ಲಿ ಸಾಸಿವೆ ಕಾಳಿನಷ್ಟೇ ಬರುತ್ತವೆ. ದೊಡ್ಡ ಲೆನ್ಸ್ ಕೊಳ್ಳಲೇ?
– ವಾಕಿಂಗ್‌ಗೆ ಹೋಗುವವರು

ಉತ್ತರ: ಈಗಲೇ ಬೇಡ. ಕೊಂಡರೂ ಮೊದಲು ದೂರದ್ದನ್ನು ಹತ್ತಿರ ತರುವ ಹಳೆಯ 55–250 ಸಾಕು, ಕೈಯಲ್ಲಿ ಹಿಡಿದು ಹಾರುವ ಹಕ್ಕಿಗೆ 1/1000 ಸೆಕೆಂಡಿಗಿಂತ ನಿಧಾನದ ಷಟರ್ ಬೇಡ. ಅಲ್ಲಿಯವರೆಗೆ ಹಕ್ಕಿಯನ್ನು ಸಾಸಿವೆಯಾಗಿಯೇ ಇಟ್ಟು ಕೆರೆಯನ್ನು ತೆಗೆಯಿರಿ. ಬೆಳಗಿನ ಮಂಜು, ಮರದ ಒಣ ಕೊಂಬೆ, ರೆಕ್ಕೆ ಬಿಚ್ಚಿ ಒಣಗಿಸುವ ಒಂದು ನೀರುಕಾಗೆ. ಏನು ಕಡಿಮೆಯಾಯಿತು? ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ಗೂಡಿನ ಫೋಟೋ ನಮ್ಮ ದಾರಕ್ಕೆ ಏರುವುದಿಲ್ಲ.

ಪ್ರಶ್ನೆ: ಚಿತ್ರದುರ್ಗದ ಕೋಟೆಗೆ ಮೂರು ಸಲ ಹೋದೆ. ಮೂರು ಸಲವೂ ಕಲ್ಲೆಲ್ಲ ಸುಣ್ಣ ಬಳಿದಂತೆ ಬಂತು. ಡ್ರೋನ್ ಹಾರಿಸಿದರೆ ಚೆನ್ನಾಗಿರುತ್ತಾ?
– ಓದುಗ, ಹೊಳಲ್ಕೆರೆ

ಉತ್ತರ: ಎಷ್ಟು ಹೊತ್ತಿಗೆ ಹೋಗಿದ್ದಿರಿ ಅಂತ ಬರೆದಿಲ್ಲ. ನಾನೇ ಹೇಳುತ್ತೇನೆ, ತಿಂಡಿ ಮುಗಿಸಿ ಹನ್ನೊಂದಕ್ಕೆ, ಅಲ್ವಾ? ಆ ಹೊತ್ತಿಗೆ ದುರ್ಗದ ಬಂಡೆಗೆ ನೆರಳೇ ಇರುವುದಿಲ್ಲ. ನೆರಳಿಲ್ಲದ ಬಂಡೆ ಫೋಟೋದಲ್ಲಿ ಬರೀ ಚಪ್ಪಟೆ ಹಲಗೆ. ಬಾಗಿಲು ತೆರೆಯುವ ಹೊತ್ತಿಗೆ ಟಿಕೆಟ್ ಕೌಂಟರ್ ಮುಂದೆ ಇರಿ. ಓರೆ ಬಿಸಿಲಿನಲ್ಲಿ ಕಲ್ಲಿನ ಉಳಿ ಗುರುತು ಕೂಡ ಎದ್ದು ಬರುತ್ತದೆ. ಹನ್ನೊಂದಕ್ಕೇ ಹೋಗುವ ಕರ್ಮ ಇದ್ದರೆ ಬಾಗಿಲುಗಳ ಒಳಗೆ ಕೆಲಸ ಮಾಡಿ. ಶತ್ರು ನೇರ ನುಗ್ಗಬಾರದು ಅಂತ ದಾರಿಯನ್ನು ತಿರುವು ತಿರುವಾಗಿ ಕಟ್ಟಿದ್ದಾರೆ. ಹಾಗಾಗಿ ಒಂದು ಗೋಡೆಗೆ ಬಿಸಿಲಿದ್ದರೆ ಎದುರಿನದಕ್ಕೆ ನೆರಳು, ಬಿಸಿಲು ಬಡಿದ ಗೋಡೆಯಿಂದ ನೆರಳಿನ ಗೋಡೆಗೆ ಮೆತ್ತನೆ ಬೆಳಕು. ಮುಖದ ಫೋಟೋಕ್ಕೆ ಅದಕ್ಕಿಂತ ಒಳ್ಳೆ ಸ್ಟುಡಿಯೋ ಇಲ್ಲ. ಓಬವ್ವನ ಕಿಂಡಿಯ ಹತ್ತಿರ ಎಲ್ಲರೂ ಒನಕೆ ಹಿಡಿದ ಪೋಸ್ ಕೊಡುತ್ತಾರೆ. ನೀವು ಕಿಂಡಿಯ ಒಳಗಿನಿಂದ ಹೊರಗೆ ನೋಡಿ. ಎಷ್ಟು ಇಕ್ಕಟ್ಟು ಅಂತ ಆಗ ಗೊತ್ತಾಗುತ್ತದೆ.

ಡ್ರೋನ್ ಬೇಡ. ಕೋಟೆ ಇರುವುದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿ, ಅನುಮತಿ ಇಲ್ಲದೆ ಅಲ್ಲಿ ಹಾರಿಸುವಂತಿಲ್ಲ. 250 ಗ್ರಾಂ ಒಳಗಿನ ಪುಟ್ಟ ಡ್ರೋನಿಗೆ ಲೈಸೆನ್ಸ್ ಬೇಡ ಅಂತ 2021ರ ನಿಯಮ ಹೇಳುವುದು ನಿಜ. ಅದನ್ನು ಹಿಡಿದುಕೊಂಡು ಗೇಟಿನ ಹತ್ತಿರ ವಾದ ಮಾಡಬೇಡಿ. ಟ್ರೈಪಾಡ್ ಹಾಕಬೇಕಾದರೂ ಮೊದಲೇ ಕೇಳಿ.

ಪ್ರಶ್ನೆ: ತಂದೆಯವರ ಮದುವೆಯ ನೆಗೆಟಿವ್‌ಗಳು ಅಟ್ಟದ ಟ್ರಂಕಿನಲ್ಲಿ ಸಿಕ್ಕಿವೆ. ಡಬ್ಬಿ ತೆಗೆದರೆ ಹುಳಿ ವಾಸನೆ. ಒಂದು ಫೋಟೋ ಫ್ರೇಮಿನ ಗಾಜಿಗೇ ಅಂಟಿದೆ. ಉಳಿಸಬಹುದಾ?
– ಗೃಹಿಣಿ, ಹರಿಹರ

ಉತ್ತರ: ಬೇಗ ಮಾಡಿ ತಾಯಿ. ಹುಳಿ ವಾಸನೆ ಅಂದರೆ ಫಿಲಂ ಮಾಡಿರುವ ಅಸಿಟೇಟ್ ಎಂಬ ಪ್ಲಾಸ್ಟಿಕ್ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಬಿಸಿಯಾದಷ್ಟೂ ಬೇಗ ಕೊಳೆಯುತ್ತದೆ, ಒಂದರಿಂದ ಇನ್ನೊಂದಕ್ಕೂ ದಾಟುತ್ತದೆ. ಆರ್‌ಸಿಸಿ ಕೆಳಗಿನ ಅಟ್ಟದಲ್ಲಿ ಕಬ್ಬಿಣದ ಟ್ರಂಕು ಅಂದರೆ ಬೇಸಿಗೆಯಲ್ಲಿ ಒಲೆಯೇ. ಕೆಳಗಿಳಿಸಿ. ವಾಸನೆ ಬರುವುದನ್ನು ಬೇರೆ ಇಡಿ. ಪ್ಲಾಸ್ಟಿಕ್ ಕವರ್ ಬೇಡ, ಕಾಗದದ ಲಕೋಟೆ ಸಾಕು. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅಂಚು ಮಾತ್ರ ಹಿಡಿಯಿರಿ.

ಸ್ಕ್ಯಾನರ್ ಇಲ್ಲದಿದ್ದರೆ ಮನೆಯಲ್ಲೇ ಕಾಪಿ ಮಾಡಬಹುದು. ಟ್ಯಾಬ್ ಇದ್ದರೆ ಪೂರ್ತಿ ಬಿಳಿ ಸ್ಕ್ರೀನ್ ಹಾಕಿ. ನೆಗೆಟಿವನ್ನು ಅದರ ಮೇಲೇ ಇಟ್ಟರೆ ಸ್ಕ್ರೀನಿನ ಚುಕ್ಕಿಗಳೂ ಫೋಟೋದಲ್ಲಿ ಬರುತ್ತವೆ. ಅದಕ್ಕೆ ಎರಡು ಇಂಚು ಮೇಲೆ, ರಟ್ಟಿನ ಕಿಟಕಿ ಮಾಡಿ ಕೂರಿಸಿ. ಕೋಣೆಯ ದೀಪ ಆರಿಸಿ ಮೇಲಿನಿಂದ ನೇರವಾಗಿ ತೆಗೆಯಿರಿ. ಆಮೇಲೆ ಯಾವುದೇ ಎಡಿಟಿಂಗ್ ಆ್ಯಪಿನಲ್ಲಿ ಬಣ್ಣ ತಿರುವುಮುರುವು ಮಾಡಿದರೆ ಅಪ್ಪ ಅಮ್ಮ ಬಾಸಿಂಗ ಕಟ್ಟಿಕೊಂಡು ಎದ್ದು ಬರುತ್ತಾರೆ. ಕಪ್ಪು ಬಿಳುಪಿನದ್ದು ಸುಲಭ. ಕಲರ್ ನೆಗೆಟಿವಿನ ಕಿತ್ತಳೆ ಬಣ್ಣ ಕಳೆಯುವುದು ಸ್ವಲ್ಪ ಕಿರಿಕಿರಿ. ಅದನ್ನು ಸಭೆಗೆ ತನ್ನಿ, ಕೂತು ಮಾಡೋಣ.

ಗಾಜಿಗೆ ಅಂಟಿದ್ದನ್ನು ಕೀಳಲೇಬೇಡಿ. ಕಿತ್ತರೆ ಮುಖ ಗಾಜಿನ ಕಡೆಗೇ ಹೋಗುತ್ತದೆ. ನನ್ನ ಸ್ಟುಡಿಯೋದಲ್ಲಿ ಒಮ್ಮೆ ಹಾಗೇ ಆಗಿ, ಒಬ್ಬರ ತಾತನ ಮೀಸೆ ಗಾಜಿನ ಮೇಲೆ ಉಳಿಯಿತು. ಇವತ್ತಿಗೂ ನೆನೆಸಿಕೊಂಡರೆ ಬೆವರುತ್ತದೆ. ಗಾಜಿನ ಮೇಲಿಂದಲೇ, ಕಿಟಕಿಯ ಓರೆ ಬೆಳಕಿನಲ್ಲಿ, ಕಪ್ಪು ಬಟ್ಟೆ ಅಡ್ಡ ಹಿಡಿದು ಕಾಪಿ ಮಾಡಿ.

ಪ್ರಶ್ನೆ: ನಮ್ಮ ಹೊಲದಲ್ಲಿ ತೆಗೆದ ನೀಲಕಂಠ ಹಕ್ಕಿಯ ಫೋಟೋ ಸ್ಪರ್ಧೆಯ ನೇಚರ್ ವಿಭಾಗದಲ್ಲಿ ತಿರಸ್ಕಾರವಾಯಿತು. ಹಿಂದಿದ್ದ ಕರೆಂಟ್ ವೈರ್ ಒಂದನ್ನು ಅಳಿಸಿದ್ದೆ, ಅಷ್ಟೇ.
– ರೈತ, ಜಗಳೂರು

ಉತ್ತರ: ಆ 'ಅಷ್ಟೇ'ಗೇ ಹೋಯಿತು ನೋಡಿ. ನೇಚರ್ ವಿಭಾಗದಲ್ಲಿ ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಅಂಚು ಕತ್ತರಿಸಬಹುದು. ವೈರ್ ಹಾಗೇ ಬಿಟ್ಟಿದ್ದರೂ ಮನುಷ್ಯನ ಗುರುತು ಯಾಕಿದೆ ಅಂತ ತೀರ್ಪುಗಾರರು ಮೂಗು ಮುರಿಯಬಹುದಿತ್ತು. ಹಾಗಾಗಿ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ತೆಗೆಯುವುದೇ ದಾರಿ. ಫೋಟೋ ನೋಡಿದೆ, ರೆಕ್ಕೆಯ ನೀಲಿ ಬಹಳ ಚೆನ್ನಾಗಿದೆ. ನೇಚರ್ ಬಿಟ್ಟು ಕಲರ್ ವಿಭಾಗಕ್ಕೆ ಕಳಿಸಿ, ಮೊದಲು ಅಲ್ಲಿನ ನಿಯಮ ಓದಿಕೊಂಡು.

ಪ್ರಶ್ನೆ: ದುಗ್ಗಮ್ಮನ ಜಾತ್ರೆಯಲ್ಲಿ ನಾನು ತೆಗೆದ ಫೋಟೋ ಸರ್ಕಲ್ಲಿನ ಫ್ಲೆಕ್ಸ್ ಮೇಲೆ ಬಂದಿದೆ! ಹೆಸರೂ ಇಲ್ಲ, ದುಡ್ಡೂ ಇಲ್ಲ.
– ಹೆಸರು ಬೇಡ

ಉತ್ತರ: ನಿಮ್ಮ ಫೋಟೋ ಮೇಲೆ ಯಾರದೋ ಕನ್ನಡಕದ ಮುಖ, ಕೆಳಗೆ ಹದಿನೈದು ಪುಟ್ಟ ಮುಖ ಕೂರಿಸಿರುತ್ತಾರೆ, ಅಲ್ವಾ? ಯಾರೂ ದುಡ್ಡು ಕೊಟ್ಟು ತೆಗೆಸದೆ ನೀವೇ ತೆಗೆದದ್ದಾದರೆ, 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ನಿಮ್ಮದೇ. ಆ ಹಕ್ಕು ನೀವು ಇರುವಷ್ಟು ಕಾಲ, ನಿಮ್ಮ ನಂತರವೂ 60 ವರ್ಷ ಇರುತ್ತದೆ. ಮೂಲ ಫೈಲ್ ಜೋಪಾನ ಮಾಡಿ, ಫ್ಲೆಕ್ಸಿನದ್ದೂ ಒಂದು ಫೋಟೋ ಇಟ್ಟುಕೊಳ್ಳಿ. ಆಮೇಲೆ ಪ್ರಿಂಟ್ ಹಾಕಿದವರ ಹತ್ತಿರ ಹೋಗಿ ಮೆಲ್ಲಗೆ ಕೇಳಿ. ಫೋನಿನಲ್ಲಿ ಬಂತು, ಹಾಕಿದೆವು ಅನ್ನುತ್ತಾರೆ. ಇನ್ನುಮುಂದೆ ಹಂಚುವಾಗ ಪೂರ್ತಿ ಸೈಜಿನ ಫೈಲ್ ಕಳಿಸಬೇಡಿ. ಪುಟ್ಟ ಫೈಲನ್ನು ಫ್ಲೆಕ್ಸಿಗೆ ಎಳೆದರೆ ಒಡೆದುಹೋಗುತ್ತದೆ, ಅವರೇ ಫೋನ್ ಮಾಡುತ್ತಾರೆ.

ಪ್ರಶ್ನೆ: ಮುಂದಿನ ನಡಿಗೆ ಎಲ್ಲಿಗೆ?
– ಹಲವರು

ಉತ್ತರ: ಸಂತೇಬೆನ್ನೂರಿನ ಪುಷ್ಕರಣಿಗೆ. ಗಾಳಿ ಏಳುವ ಮೊದಲು ತಲುಪಿದರೆ ನೀರಿನ ನಡುವಿನ ಮಂಟಪ ತಲೆಕೆಳಗಾಗಿ ಪೂರ್ತಿ ಸಿಗುತ್ತದೆ. ಗಾಳಿ ಎದ್ದ ಮೇಲೆ ಪಕ್ಕದ ಮುಸಾಫಿರ್‌ಖಾನಾದ (ಪ್ರಯಾಣಿಕರ ಹಳೆಯ ತಂಗುಮನೆ) ಕಮಾನುಗಳಿವೆ. ಟ್ರೈಪಾಡ್ ಮನೆಯಲ್ಲೇ ಬಿಟ್ಟು ಬನ್ನಿ, ತಿಂಡಿ ಕಟ್ಟಿಸಿಕೊಂಡು ಬನ್ನಿ. ಮಂಡಕ್ಕಿ ಭಟ್ಟಿಯವರ ಪ್ರಿಂಟ್ ಇನ್ನೂ ಹತ್ತು ನನ್ನ ಚೀಲದಲ್ಲೇ ಉಳಿದಿವೆ. ಅವರು ಬೆಳಗಿನ ಜಾವಕ್ಕೇ ಕೆಲಸಕ್ಕೆ ಕೂತಿರುತ್ತಾರೆ. ಕೊಟ್ಟೇ ಮುಂದೆ ಹೋಗೋಣ, ಎಲ್ಲರೂ ಅರ್ಧ ಗಂಟೆ ಮೊದಲೇ ಬನ್ನಿ.