ಗ್ರೈಂಡರನ್ನು ದೂರಬೇಡಿ

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕರೆಂಟ್ ಬಿಲ್ ಏರುತ್ತದೆ. ದಿನಾ ಗ್ರೈಂಡರ್ ಹಾಕುವುದೇ ಕಾರಣವೆಂದು ಮನೆಯವರು ಹೇಳುತ್ತಾರೆ. ಮಿಕ್ಸಿಯೇ ಸಾಕೇ?
– ಗೃಹಿಣಿ, ಕಾಪು

ಉತ್ತರ: ಖಂಡಿತ ಬೇಡ! ಮನೆಯ ಗ್ರೈಂಡರಿನ ಮೋಟರು ಸಾಮಾನ್ಯವಾಗಿ 150 ವ್ಯಾಟಿನದು. ಅರ್ಧ ಗಂಟೆ ತಿರುಗಿದರೆ 0.075 ಯೂನಿಟ್, ಅಷ್ಟೇ. ಉದ್ದಿನ ಹಿಟ್ಟು ಚೆನ್ನಾಗಿ ಉಬ್ಬಬೇಕಾದರೆ ಗ್ರೈಂಡರೇ ಆಗಬೇಕು. ಅದನ್ನು ಬಿಡಬೇಡಿ.

ನನ್ನ ಅನುಮಾನ ಗೀಸರಿನ ಮೇಲೆ. 25 ಲೀಟರ್ ಬಾವಿನೀರು 27 ಡಿಗ್ರಿಯಿಂದ 60ಕ್ಕೆ ಏರಲು ಸುಮಾರು ಒಂದು ಯೂನಿಟ್ ಬೇಕು. ಸ್ವಿಚ್ ಆರಿಸದೆ ಬಿಟ್ಟರೆ, ತಣಿದ ನೀರನ್ನು ಅದು ದಿನವಿಡೀ ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ. ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ, ಕೂಡಲೇ ಆರಿಸಿ. ಬಚ್ಚಲಲ್ಲಿ ಹಂಡೆ ಉಳಿದಿದ್ದರೆ ನೀವು ಭಾಗ್ಯವಂತರು; ಬೇಸಿಗೆಯಲ್ಲೇ ಮಡಲು, ತೆಂಗಿನ ಸಿಪ್ಪೆ ಒಣಗಿಸಿಡಿ. ಉಡುಪಿಯ ನಮ್ಮ ಮನೆಯಲ್ಲಿ ಈಗಲೂ ಹಾಗೆಯೇ.

ಇನ್ನೊಂದು, ಬಟ್ಟೆ ಒಣಗಿಸಲು ರಾತ್ರಿಯಿಡೀ ಫ್ಯಾನ್ ಹಾಕುತ್ತೀರಾ? 75 ವ್ಯಾಟಿನ ಹಳೆಯ ಫ್ಯಾನು ಹತ್ತು ಗಂಟೆಗೆ ಮುಕ್ಕಾಲು ಯೂನಿಟ್ ಎಳೆಯುತ್ತದೆ. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರಿನ ‘ಬಿಎಲ್‌ಡಿಸಿ’ ಫ್ಯಾನಿಗೆ ಅದರ ಅರ್ಧವೂ ಬೇಡ. ಗೀಸರ್ ಹಾಕುವ ಮೊದಲು ಮತ್ತು ಆರಿಸಿದ ಮೇಲೆ ಮೀಟರ್ ಓದಿ, ಮನೆಯವರಿಗೂ ತೋರಿಸಿ.